ಮಗಳಿಗೊಂದು ಪತ್ರ: ಚಿರೇಕಲ್ಲಿನ ಮೇಲಿನ ಗೆರೆ

ಕುಮಟಾ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ಫೋನಿನಲ್ಲಿ ನಿನ್ನ ದನಿ ಕೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಕಾರವಾರದ ಕಾಜುಬಾಗದಲ್ಲಿ ನೀನು ಪ್ರೆಶರ್ ಮಶಿನ್ನಿನಿಂದ ನೀರು ಹೊಡೆದು ಗೋಡೆ ತೊಳೆದುಕೊಟ್ಟ ಆ ಮನೆಯವರು "ನಿಮ್ಮ ಮಶಿನ್ನಿಂದ ನಮ್ಮ ಕಂಪೌಂಡು ಹಾಳಾಯ್ತು, ಪೂರ್ತಿ ಹೊಸದಾಗಿ ಕಟ್ಟಿಸಿಕೊಡಿ" ಅಂದರು ಅಂತ ಹೇಳಿ ಸುಮ್ಮನಾಗಿಬಿಟ್ಟೆ. ಕೊನೆಗೆ ಕೇಳಿದ್ದು ಒಂದೇ: "ಆಯಿ, ನಾನು ದುಡ್ಡು ಕೊಡಬೇಕಾ, ಬೇಡ್ವಾ?" ಅದಕ್ಕೆ ಫೋನಿನಲ್ಲಿ ಉತ್ತರ ಹೇಳೋಕೆ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಮನೆಗೆ ಹೋಗು. ಈ ಪತ್ರ ಓದಿದ ದಿನವೇ ಹೋಗು. ನೋಡದೆ ಒಪ್ಪಬೇಡ, ನೋಡದೆ ಅಲ್ಲಗಳೆಯಲೂ ಬೇಡ. ಅವರು ಹೇಳುವುದನ್ನೆಲ್ಲ ಕೂತು ಕೇಳು, ಬರೆದುಕೋ. ಆಮೇಲೆ ಗೋಡೆಯನ್ನು ಕೈಯಿಂದ ಮುಟ್ಟಿ ನೋಡು. ದೂರದಿಂದ ಒಂದು, ಹತ್ತಿರದಿಂದ ಒಂದು ಫೋಟೋ ತೆಗೆ. ಅಳತೆ ಗೊತ್ತಾಗಲಿ ಅಂತ ಪಕ್ಕದಲ್ಲಿ ಟೇಪು ಹಿಡಿ. ಎರಡು ದಿನ ತಡ ಮಾಡಿದರೆ ಅವರ ಸಿಟ್ಟು ಗೋಡೆಗಿಂತ ದೊಡ್ಡದಾಗಿ ಬೆಳೆದಿರುತ್ತದೆ.

ಚಿರೇಕಲ್ಲು, ಅದೇ ಕೆಂಪು ಜಂಬಿಟ್ಟಿಗೆ ಕಲ್ಲು, ಅಂದರೆ ನನಗೆ ಈಗಲೂ ನೆನಪಾಗುವುದು ಆ ಅಜ್ಜಿಯ ಮನೆ. ಆಗ ನೀನು ಹೈಸ್ಕೂಲಿನಲ್ಲಿದ್ದೆ. ಮಳೆ ನಿಂತು ದೀಪಾವಳಿ ಹತ್ತಿರ ಬಂದಿತ್ತು, ದಿನಕ್ಕೆ ಎರಡು ಮನೆ ಕೆಲಸ. ಗಿಲಾವು ಮಾಡದ ಹಳೇ ಗೋಡೆ, ಮೇಲೆಲ್ಲ ಕಪ್ಪು ಪಾಚಿ. ಒಂದು ಕಡೆ ಪಾಚಿ ಬೇಗ ಬಿಡಲಿಲ್ಲ ಅಂತ ನಮ್ಮ ಕೆಲಸದ ಹುಡುಗ ಮಶಿನ್ನಿನ ಗನ್ನಿಗೆ ಕೆಂಪು ನಾಝಲ್, ಅಂದರೆ ನೀರು ಚಿಮ್ಮುವ ಮೂತಿ, ಹಾಕಿದ. ಅದು ಝೀರೋ ಡಿಗ್ರಿ, ನೀರು ಸೂಜಿಯ ಹಾಗೆ ಒಂದೇ ಕಡೆ ಹೊಡೆಯುತ್ತದೆ. 150 ಬಾರ್ ಒತ್ತಡ. ಒಂದೇ ಸಲ ಎಡದಿಂದ ಬಲಕ್ಕೆ ಎಳೆದ, ಅಷ್ಟೇ. ಮೂರು ಕಲ್ಲಿನ ಮೇಲೆ ಉದ್ದಕ್ಕೆ ಗೆರೆ ಬಿತ್ತು. ನಾನು ಬೆರಳು ಇಟ್ಟು ನೋಡಿದೆ. ಬೆರಳಿನ ದಪ್ಪದ ಅರ್ಧ ಒಳಗೆ ಹೋಯಿತು, ಉಗುರಿನಲ್ಲಿ ಕೆಂಪು ಮಣ್ಣು ಸಿಕ್ಕಿಕೊಂಡಿತು.

ಚಿರೇಕಲ್ಲು ಗಣಿಯಿಂದ ಕಡಿಯುವಾಗ ಮೆತ್ತಗಿರುತ್ತದೆ. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಹೊರಗಿನ ಪದರ ಗಟ್ಟಿಯಾಗುತ್ತದೆ. ಆ ಪದರ ಕಿತ್ತರೆ ಒಳಗೆ ಮತ್ತೆ ಮೆತ್ತಗಿನ ಕಲ್ಲೇ. ಅದಕ್ಕೇ ಅಂಥ ಗೋಡೆಗೆ ನೀರು ಅಗಲಕ್ಕೆ ಹರಡುವ ಬಿಳಿ ನಾಝಲ್, 40 ಡಿಗ್ರಿ, ಅದೂ ದೂರದಿಂದ.

ಅಜ್ಜಿ ಕೂಗಾಡಲಿಲ್ಲ. "ಇದನ್ನ ನಮ್ಮ ಯಜಮಾನರು ನಿಂತು ಕಟ್ಟಿಸಿದ್ದು" ಅಂದರು, ಅಷ್ಟೇ. ಅಪ್ಪ ಅವತ್ತು ರಾತ್ರಿ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ಹೋದರು. ಹೊಸ ಕಲ್ಲು ಹಾಕಿದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ ಅಂತ, ಕೆಡವಿದ ಹಳೇ ಮನೆಯೊಂದರಿಂದ ಮೂರು ಕಲ್ಲು ಹುಡುಕಿ ತಂದರು. ಆ ಕೆಲಸದಿಂದ ಬರಬೇಕಾಗಿದ್ದು 4,000 ರೂಪಾಯಿ, ಕೈಯಿಂದ ಹೋಗಿದ್ದು 11,000. ಆದರೆ ಇಡೀ ಗೋಡೆಗಲ್ಲ, ಮೂರು ಕಲ್ಲಿಗೆ. ನಾವು ಕೆಡಿಸಿದ್ದನ್ನು ನಾವೇ ಸರಿ ಮಾಡಿಕೊಟ್ಟೆವು.

ಎಲ್ಲ ದೂರೂ ಹಾಗಿರುವುದಿಲ್ಲ, ಕೂಸೇ. ಹೊನ್ನಾವರ ಕಡೆಯ ಒಬ್ಬರು "ನೀವು ನೀರು ಹೊಡೆದ ಮೇಲೆ ಹಾಲ್ ಗೋಡೆಯಲ್ಲಿ ನೀರು ಇಳಿಯುತ್ತಿದೆ" ಅಂತ ಬಂದರು. ಕೆಲಸದ ಮುಂಚಿನ ಫೋಟೋ ನಮ್ಮ ಹತ್ತಿರ ಇತ್ತು. ಕಿಟಕಿಯ ಸಜ್ಜಾ ಕೆಳಗೆ ಬಿರುಕು, ಒಳಗೋಡೆಯಲ್ಲಿ ಹಳೇ ನೀರಿನ ಕಲೆ, ಎರಡೂ ಅದರಲ್ಲಿ ಕಾಣುತ್ತಿದ್ದವು. ಅಪ್ಪ ವಾದ ಮಾಡಲಿಲ್ಲ, ಫೋಟೋ ಅವರ ಮುಂದೆ ಇಟ್ಟರು. ಅವರು ಬಹಳ ಹೊತ್ತು ನೋಡಿ "ಸರಿ ಬಿಡಿ" ಅಂದರು. ಅದೇ ವರ್ಷ ಇನ್ನೊಂದು ಮನೆಯಲ್ಲಿ ಗೇಟಿನ ಮೋಟರ್ ಕೆಟ್ಟಿತು ಅಂದಾಗ ನಮ್ಮ ಹತ್ತಿರ ಫೋಟೋ ಇರಲಿಲ್ಲ. ಮೊದಲೇ ಕೆಟ್ಟಿತ್ತೋ, ನಾವು ಕೆಡಿಸಿದೆವೋ, ದೇವರಿಗೇ ಗೊತ್ತು. 6,000 ಕೊಟ್ಟೆವು. ಅವತ್ತಿನಿಂದ ಸ್ವಿಚ್ ಬೋರ್ಡು, ಮೋಟರು, ಕಾಲಿಂಗ್ ಬೆಲ್ ಎಲ್ಲಕ್ಕೂ ಪ್ಲಾಸ್ಟಿಕ್ ಸುತ್ತಿ ಟೇಪು ಹಾಕದೆ ಮಶಿನ್ ಶುರು ಮಾಡಿದ್ದಿಲ್ಲ.

ಕಾರವಾರದಲ್ಲಿ ಇನ್ನೊಂದು ತೊಂದರೆ ಜಾಸ್ತಿ. ಉಪ್ಪುಗಾಳಿ, ಬಿಸಿಲು, ಮಳೆ ಸೇರಿ ಹೊರಗಿನ ಬಣ್ಣ ಬೇಗ ಸತ್ತುಹೋಗುತ್ತದೆ. ಅಂಗೈಯಿಂದ ಗೋಡೆ ಉಜ್ಜು. ಕೈಗೆ ಸುಣ್ಣದ ಹಾಗೆ ಪುಡಿ ಹತ್ತಿದರೆ ಆ ಬಣ್ಣ ನೀರಿಗೆ ನಿಲ್ಲುವುದಿಲ್ಲ. ಆ ಅಂಗೈಯನ್ನು ಮನೆಯವರಿಗೇ ತೋರಿಸು. "ಪಾಚಿ ಜೊತೆ ಬಣ್ಣವೂ ಸ್ವಲ್ಪ ಬರುತ್ತದೆ, ಪರವಾಗಿಲ್ವಾ?" ಅಂತ ಕೇಳಿ ಎಸ್ಟಿಮೇಟಿನಲ್ಲೇ ಬರೆದು ಸಹಿ ಹಾಕಿಸಿಕೋ. ಮನೆ ಹಿಂದಿನ ಮೂಲೆಯಲ್ಲಿ ಎರಡು ಅಡಿ ಮಾತ್ರ ಹೊಡೆದು, ಒಣಗಿದ ಮೇಲೆ ತೋರಿಸು. ಒದ್ದೆ ಗೋಡೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಹಂಚಿನ ಮಾಡಿಗೆ ಕೆಳಗಿನಿಂದ ಮೇಲಕ್ಕೆ ಹೊಡೆಯಬೇಡ, ನೀರು ಹಂಚಿನ ಅಡಿಗೆ ನುಗ್ಗಿ ಪಕಾಸು ರೀಪು, ಮಾಡಿನ ಮರವೆಲ್ಲ ನೆನೆಯುತ್ತದೆ. ಪಾಚಿಗೆ ಬ್ಲೀಚ್ ಹಾಕುವ ಮುಂಚೆ, ಹಾಕಿದ ಮೇಲೆ, ಎರಡು ಸಲವೂ ಗಿಡಗಳಿಗೆ ಚೆನ್ನಾಗಿ ನೀರು ಬಿಡು. ಸಾಕಿ ಬೆಳೆಸಿದ ಮಲ್ಲಿಗೆ ಬಳ್ಳಿ ಸುಟ್ಟುಹೋದರೆ ಅದಕ್ಕೆ ಯಾವ ಲೆಕ್ಕದಲ್ಲಿ ದುಡ್ಡು ಕೊಡ್ತೀಯ?

ಈಗ ದುಡ್ಡಿನ ಮಾತು. ನೋಡಿದ ಮೇಲೆ ನಮ್ಮದೇ ತಪ್ಪು ಅನ್ನಿಸಿದರೂ ಅಲ್ಲೇ ನಿಂತು "ಎಲ್ಲ ಕೊಡ್ತೀನಿ" ಅನ್ನಬೇಡ. "ಮೇಸ್ತ್ರಿಗೆ ತೋರಿಸಿ ಇಂಥ ದಿನ ಹೇಳ್ತೀನಿ" ಅನ್ನು, ಆ ದಿನ ತಪ್ಪಿಸಬೇಡ. ನಮ್ಮ ಪಬ್ಲಿಕ್ ಲಯಬಿಲಿಟಿ ಪಾಲಿಸಿ, ಅಂದರೆ ನಮ್ಮ ಕೆಲಸದಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಮಾಡಿಸಿದ ವಿಮೆ, ಕಪಾಟಿನಲ್ಲಿದೆ, ತೆಗೆದು ಓದು. ಕಂಪನಿಗೆ ತಿಳಿಸದೆ ತಪ್ಪು ಒಪ್ಪಿಕೊಂಡರೆ ಇಂಥ ಪಾಲಿಸಿಯಲ್ಲಿ ಕ್ಲೇಮಿಗೇ ತೊಂದರೆ ಆಗಬಹುದು. ನಾವು ಕೆಲಸ ಮಾಡುತ್ತಿದ್ದ ಗೋಡೆಯನ್ನೇ ಹೊರಗಿಟ್ಟ ಷರತ್ತೂ ಇರುವುದುಂಟು, ಅದನ್ನು ಮುಖ್ಯವಾಗಿ ನೋಡು. ನಷ್ಟದಲ್ಲಿ ಮೊದಲ ಇಂತಿಷ್ಟು ರೂಪಾಯಿ ನಮ್ಮ ಕೈಯಿಂದಲೇ ಅಂತ ಇದ್ದರೆ ಸಣ್ಣ ಖರ್ಚಿಗೆ ಕ್ಲೇಮ್ ಹಾಕಿ ಪ್ರಯೋಜನವಿಲ್ಲ. ಆದರೂ ಕಂಪನಿಗೆ ಒಂದು ಮಾತು ತಿಳಿಸಿಡು.

ರಿಪೇರಿಗೆ ಇಬ್ಬರ ಹತ್ತಿರ ರೇಟು ಕೇಳು. ಬಣ್ಣವಾದರೆ ಹೋದ ಜಾಗಕ್ಕಷ್ಟೇ ಹೊಡೆಸಿದರೆ ಕಲೆ ಎದ್ದು ಕಾಣುತ್ತದೆ. ಆ ಒಂದು ಗೋಡೆಯನ್ನು ಮೂಲೆಯಿಂದ ಮೂಲೆಗೆ ಹೊಡೆಸಿಕೊಡುವುದು ನ್ಯಾಯ. ಇಡೀ ಮನೆಗೆ ಬಣ್ಣ ಕೇಳಿದರೆ ಕೊಡಬೇಕಾಗಿಲ್ಲ. ರಿಪೇರಿ ಮುಗಿದ ಮೇಲೆ ಏನು ಮಾಡಿದೆವು, ಎಷ್ಟು ಕೊಟ್ಟೆವು, ಇದಕ್ಕೆ ಇನ್ನೇನೂ ಬಾಕಿ ಇಲ್ಲ ಅಂತ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಫೋಟೋಗಳನ್ನು ಅಳಿಸಬೇಡ. 2019ರ ಗ್ರಾಹಕ ಕಾಯ್ದೆಯಲ್ಲಿ ದೂರು ಕೊಡಲು 2 ವರ್ಷ ಸಮಯ ಇದೆ. ಅಲ್ಲಿವರೆಗಂತೂ ಎಲ್ಲ ಇರಲಿ.

ಇಷ್ಟು ಓದಿ ಹೆದರಬೇಡ. ನೀನು ಕೆಲಸದಲ್ಲಿ ಅಪ್ಪನಿಗಿಂತ ನಿಧಾನ, ಅದು ನನಗೆ ಇಷ್ಟ. ಶನಿವಾರ ಬೆಳಿಗ್ಗೆ ಬಸ್ಸಿಗೆ ನಾನೂ ಬರುತ್ತೇನೆ, ಒಟ್ಟಿಗೆ ಆ ಮನೆಗೆ ಇನ್ನೊಂದು ಸಲ ಹೋಗೋಣ. ಬರುವುದರೊಳಗೆ ಒಂದು ಕೆಲಸ ಮಾಡಿಡು: ಟೂಲ್ ಪೆಟ್ಟಿಗೆಯಲ್ಲಿ ಕೆಂಪು ನಾಝಲ್ ಇನ್ನೂ ಇದ್ದರೆ ತೆಗೆದು ನನ್ನ ಕೈಗೆ ಕೊಡು.

ನಿನ್ನ,
ಆಯಿ