ಪ್ರಶ್ನೆ ಕೇಳಿದರೆ ಸಾಲದು, ಉತ್ತರದ ಬೆನ್ನು ಹತ್ತಬೇಕು

ಸಂಪಾದಕರೇ, ನಮಸ್ಕಾರ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5000 ಕೋಟಿ ರೂಪಾಯಿ ಅಂತ ಬಜೆಟ್‌ನಲ್ಲಿ ಹೇಳಿದರೆ ಅದು ದೊಡ್ಡ ಸುದ್ದಿ. ಆಗಲೇಬೇಕು. ಆದರೆ ಆ ದುಡ್ಡಿನ ಬಗ್ಗೆ ನಮ್ಮ ಶಾಸಕರು ಸದನದಲ್ಲಿ ಏನು ಕೇಳಿದರು, ಮಂತ್ರಿಗಳು ಏನು ಹೇಳಿದರು ಅನ್ನುವುದು ನಮ್ಮ ತನಕ ಬರುವುದೇ ಅಪರೂಪ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ಕಲಂ ಅಂದರೆ ಎಲ್ಲರಿಗೂ ನೆನಪಾಗುವುದು ಸೀಟು, ನೌಕರಿ. ಅದೇ ಕಲಂನಲ್ಲಿ ಇನ್ನೊಂದು ಮಾತಿದೆ: ಮಂಡಳಿಯ ಕೆಲಸದ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದೆ ಇಡಬೇಕು. ಸಂವಿಧಾನವೇ ನಮ್ಮ ಶಾಸಕರ ಕೈಗೆ ಕೊಟ್ಟ ಹಕ್ಕು ಇದು. ಆ ವರದಿಯ ಮೇಲೆ ಒಂದು ಪೂರ್ತಿ ದಿನ ಚರ್ಚೆ ಆಗಲಿ ಅಂತ ಕೇಳುವುದು ತಪ್ಪಾ?

ಪ್ರಶ್ನೆ ಕೇಳಿ ಉತ್ತರ ಪಡೆಯುವುದು ಹೇಗೆ ಅನ್ನುವುದಕ್ಕೆ ಒಂದು ಉದಾಹರಣೆ ನೋಡಿ. ಬ್ರಿಟನ್ನಿನ ಸ್ಕಾಟ್ಲೆಂಡ್‌ಗೆ 1999ರಲ್ಲಿ ತನ್ನದೇ ಸಂಸತ್ತು ಬಂತು. ಆಸ್ಪತ್ರೆ, ಶಾಲೆಗಳ ಆಡಳಿತ ಅಲ್ಲಿಯ ಸರ್ಕಾರದ್ದೇ. ಸದನ ನಡೆಯುವ ವಾರಗಳಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಅಲ್ಲಿಯ ಫಸ್ಟ್ ಮಿನಿಸ್ಟರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಎದ್ದು ನಿಂತು ಉತ್ತರ ಕೊಡಬೇಕು. ಲಿಖಿತ ಪ್ರಶ್ನೆಗೆ ಸಾಮಾನ್ಯವಾಗಿ ಹತ್ತು ಕೆಲಸದ ದಿನಗಳ ಗಡುವು. ಸದನಕ್ಕೆ ರಜೆ ಇದ್ದಾಗಲೂ ಪ್ರಶ್ನೆ ಹಾಕಬಹುದು, ಆಗ ಗಡುವು ಸ್ವಲ್ಪ ಜಾಸ್ತಿ, ಅಷ್ಟೇ. ಪ್ರತಿ ಪ್ರಶ್ನೆಗೂ ಒಂದು ನಂಬರ್ ಇರುತ್ತದೆ, ಆ ನಂಬರ್ ಹಾಕಿದರೆ ಯಾರು ಬೇಕಾದರೂ ಉತ್ತರ ಓದಬಹುದು. ಇದರಿಂದ ಎಲ್ಲ ಕೆಲಸ ಬೇಗ ಆಯಿತು ಅಂತ ನಾನು ಹೇಳುತ್ತಿಲ್ಲ. ಅಲ್ಲಿಯ ದ್ವೀಪಗಳಿಗೆ ಜನರನ್ನು ಒಯ್ಯುವ ಗ್ಲೆನ್ ಸ್ಯಾನಕ್ಸ್ ಹಡಗು 2018ರಲ್ಲಿ ಓಡಬೇಕಿತ್ತು, ಓಡಿದ್ದು 2025ರ ಜನವರಿಯಲ್ಲಿ. ಆದರೆ ಅಷ್ಟೂ ವರ್ಷ ಸದಸ್ಯರು ಬಿಡದೆ ಕೇಳಿದರು. ಯಾವಾಗ ಬರುತ್ತದೆ, ಖರ್ಚು ಎಷ್ಟಾಯಿತು, ಯಾರು ಒಪ್ಪಿಗೆ ಕೊಟ್ಟರು. ಸರ್ಕಾರ ಕೊಟ್ಟ ಮಾತು ದಾಖಲೆಯಲ್ಲಿ ಉಳಿಯಿತು, ಆಮೇಲೆ ಯಾರೂ ಹಾಗೆ ಹೇಳಿಯೇ ಇಲ್ಲ ಅನ್ನುವ ಹಾಗಿರಲಿಲ್ಲ.

ನಮ್ಮಲ್ಲೂ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿಗಳು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ ಇದೆ, ಉಪಪ್ರಶ್ನೆ ಕೇಳುವ ಅವಕಾಶ ಇದೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ ಕೊನೆಗೆ ಬಂತು, 2025ರಲ್ಲಿ ನಮ್ಮ ಕಲಬುರಗಿ. ಇದರ ಬಗ್ಗೆ ಕೇಳುವಾಗ "ಸರ್ಕಾರದ ಗಮನಕ್ಕೆ ಬಂದಿದೆಯೇ" ಅಂತ ಶುರು ಮಾಡಿದರೆ "ಬಂದಿದೆ, ಕ್ರಮ ವಹಿಸಲಾಗುತ್ತಿದೆ" ಅಂತ ಉತ್ತರ ಬಂದು ಅಲ್ಲಿಗೇ ಮುಗಿಯುತ್ತದೆ. ಅದರ ಬದಲು ಸೇಡಂ, ಚಿಂಚೋಳಿ, ಶಹಾಪುರ, ಔರಾದ್ ಅಂತ ತಾಲೂಕುವಾರು ಕೇಳಲಿ. ಗಣಿತ, ವಿಜ್ಞಾನ ಶಿಕ್ಷಕರ ಹುದ್ದೆ ಎಷ್ಟು ಖಾಲಿ, ಯಾವ ವರ್ಷದಿಂದ ಖಾಲಿ, ಯಾವ ತಿಂಗಳೊಳಗೆ ತುಂಬುತ್ತೀರಿ, ಮಂಡಳಿಯ ದುಡ್ಡು ಶಾಲೆಗೆ ಎಷ್ಟು ಬಿಡುಗಡೆ ಆಯಿತು, ಎಷ್ಟು ಖರ್ಚಾಯಿತು. ಉತ್ತರ ಸರಿ ಬರದಿದ್ದರೆ ಮುಂದಿನ ಅಧಿವೇಶನದಲ್ಲಿ ಅದೇ ಪ್ರಶ್ನೆ ಮತ್ತೆ ಹಾಕಲಿ. ಆಡಳಿತ ಪಕ್ಷದವರೂ ಕೇಳಲಿ, ಫೇಲಾದದ್ದು ಅವರ ಕ್ಷೇತ್ರದ ಮಕ್ಕಳೂ ಹೌದು ಅಲ್ವಾ?

ನಿಮ್ಮಲ್ಲಿ ಒಂದು ಕೋರಿಕೆ. ಪ್ರತಿ ಅಧಿವೇಶನ ಮುಗಿದ ವಾರ ಕಲಬುರಗಿ, ಬೀದರ್, ಯಾದಗಿರಿ ಶಾಸಕರು ಕೇಳಿದ ಪ್ರಶ್ನೆ ಮತ್ತು ಸರ್ಕಾರದ ಉತ್ತರವನ್ನು ಅರ್ಧ ಪುಟದಲ್ಲಿ ಹಾಕಿ. ಒಂದೂ ಪ್ರಶ್ನೆ ಕೇಳದವರ ಹೆಸರನ್ನೂ ಹಾಕಿ.

— ನಿಮ್ಮ ಓದುಗ, ಕಲಬುರಗಿ