ಕಾಲ್ಚೀಲದಿಂದ ಶುರು ಮಾಡು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟೀ,

ಫೆಬ್ರವರಿ ಕೊನೆಗೆ ಹೊರಡುತ್ತೀಯ, ಮಾರ್ಚ್ ಮೊದಲ ವಾರ ಕೊರಿಯಾದ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳ ಮುಂದೆ ನಿಂತಿರುತ್ತೀಯ. ಭಾರತ ಮತ್ತು ದಕ್ಷಿಣ ಕೊರಿಯಾ ನಡುವಿನ ಆರ್ಥಿಕ ಸಹಭಾಗಿತ್ವ ಒಪ್ಪಂದ 2010ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ಬಿ.ಎಡ್. ಮಾಡಿದ ನಮ್ಮ ಇಂಗ್ಲಿಷ್ ಟೀಚರುಗಳಿಗೂ ಅಲ್ಲಿಯ ಶಾಲೆಗಳ ಬಾಗಿಲು ತೆರೆಯಿತು. ಆದರೂ ಅಲ್ಲಿ ಹೆಚ್ಚಾಗಿ ಕಾಣುವವರು ಅಮೆರಿಕ, ಬ್ರಿಟನ್, ಕೆನಡಾ, ದಕ್ಷಿಣ ಆಫ್ರಿಕಾದವರೇ. ಬಟ್ಟೆಬರೆ ಬಗ್ಗೆ ಸಿಗುವ ಸಲಹೆಗಳೂ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವೇ. ಮೂಗುತಿ, ಮದರಂಗಿ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಇವುಗಳ ಮಾತು ಅಲ್ಲಿಲ್ಲ. ಹಾಗಾಗಿ ಈ ಕಾಗದ. ಸೂಟ್‌ಕೇಸ್ ತುಂಬುವ ಮುಂಚೆ ಪೂರ್ತಿ ಓದು.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಲಿ. ನಮ್ಮಲ್ಲಿ ಟೀಚರ್ ಮೊಣಕಾಲು ಕಂಡರೆ ಹುಬ್ಬೇರುತ್ತದೆ. ಕತ್ತು, ಬೆನ್ನು, ತೋಳಿನ ಕಡೆ ಯಾರೂ ಅಷ್ಟು ಗಮನ ಕೊಡುವುದಿಲ್ಲ. ಅಲ್ಲಿ ತಿರುಗುಮುರುಗು. ಮೊಣಕಾಲಿನವರೆಗಿನ ಸ್ಕರ್ಟ್ ಹಾಕಿದ ಟೀಚರನ್ನು ಯಾರೂ ತಿರುಗಿ ನೋಡುವುದಿಲ್ಲ. ಆದರೆ ಎದೆಯ ಕಡೆ ಇಳಿದ ಕತ್ತು, ತೋಳಿಲ್ಲದ ಕುರ್ತಾ, ಬೆನ್ನು ಕಾಣುವ ಬ್ಲೌಸ್ ಅವರಿಗೆ ಮುಜುಗರ. ಮುಜುಗರವಾದರೂ ಬಾಯಿಬಿಟ್ಟು ಹೇಳುವುದಿಲ್ಲ. ನಿನ್ನ ಜೊತೆ ಪಾಠ ಮಾಡುವ ಕೊರಿಯನ್ ಟೀಚರ್ ತಿಂಗಳು ಕಳೆದ ಮೇಲೆ, 'ನಿಮಗೆ ಚಳಿಯಾಗುವುದಿಲ್ಲವಾ?' ಎಂದು ಕೇಳಬಹುದು. ಅಂಥ ಪ್ರಶ್ನೆ ಬಂದರೆ ಮಾರನೆಯ ದಿನವೇ ಕಾರ್ಡಿಗನ್ ಹಾಕಿಕೊಂಡು ಹೋಗು.

ಇನ್ನು ಕಾಲು. ಶಾಲೆಯ ಬಾಗಿಲಲ್ಲೇ ಹೊರಗಿನ ಚಪ್ಪಲಿ-ಶೂ ಬಿಚ್ಚಿ, ಒಳಗಿನ ಚಪ್ಪಲಿ ಹಾಕಿಕೊಳ್ಳಬೇಕು. ಆ ಒಳಚಪ್ಪಲಿಗೆ ಸಿಲ್ಲೆಹ್ವಾ ಅಂತಾರೆ, ಶೂ ಇಡುವ ಕಪಾಟಿಗೆ ಸಿನ್‌ಬಲ್‌ಜಾಂಗ್. ಬೆಳಿಗ್ಗೆ ಎಂಟೂವರೆಗೆ ಆ ಕಪಾಟಿನ ಮುಂದೆ ನೂಕುನುಗ್ಗಲು. ಲೇಸು ಕಟ್ಟುವ ಎತ್ತರದ ಬೂಟು ಹಾಕಿ ಹೋದರೆ ಒಂಟಿ ಕಾಲಲ್ಲಿ ನಿಂತು ಬಿಚ್ಚುವ ಹೊತ್ತಿಗೆ ಹಿಂದೆ ಹತ್ತು ಮಕ್ಕಳು ಸಾಲು ನಿಂತಿರುತ್ತಾರೆ. ಪಕ್ಕದಲ್ಲಿ ಜಿಪ್ ಇರುವುದು ಅಥವಾ ಸುಮ್ಮನೆ ಕಾಲು ತೂರಿಸುವಂಥದ್ದು ತೊಗೋ.

ಒಳಚಪ್ಪಲಿ ಆರಿಸುವಾಗ ಬರೀ ಅಗ್ಗ ನೋಡಬೇಡ. ನಿನಗೆ ವಾರಕ್ಕೆ 22 ಪಾಠ, ಪ್ರಾಥಮಿಕ ಶಾಲೆಯಲ್ಲಿ ಒಂದೊಂದು 40 ನಿಮಿಷ. ಅಂದರೆ ಹದಿನಾಲ್ಕೂವರೆ ಗಂಟೆಗಿಂತ ಹೆಚ್ಚು ಹೊತ್ತು ನಿಂತೇ ಇರುತ್ತೀಯ. ಮೂರು ಪಟ್ಟೆಯ ರಬ್ಬರ್ ಚಪ್ಪಲಿ ಎಲ್ಲರ ಕಾಲಲ್ಲೂ ಇರುತ್ತದೆ, ಡೈಸೊ ಅಂಗಡಿಯಲ್ಲಿ 5,000 ವಾನ್ ಒಳಗೆ ಸಿಗುವಂಥದ್ದೂ ಇದೆ. ಅಂಥ ತೆಳು ಅಟ್ಟೆ ಕೆಲವೇ ವಾರಗಳಲ್ಲಿ ಚಪ್ಪಟೆಯಾಗುತ್ತದೆ, ಆಮೇಲೆ ನೋವು ಹಿಮ್ಮಡಿಯಿಂದ ಶುರುವಾಗಿ ಮೀನಖಂಡಕ್ಕೆ ಏರುತ್ತದೆ. ಎರಡು ಬೆರಳು ದಪ್ಪದ ಅಟ್ಟೆ, ಪಾದದ ನಡುವಿನ ಕಮಾನಿಗೆ ಆಸರೆ, ಹಿಮ್ಮಡಿ ಹಿಂದೆ ಪಟ್ಟಿ, ಈ ಮೂರೂ ಇರಲಿ. ಪಟ್ಟಿ ಏಕೆಂದರೆ ಇಂಗ್ಲಿಷ್ ಕೊಠಡಿ ಬೇರೆ ಮಹಡಿಯಲ್ಲಿರಬಹುದು. ಮಕ್ಕಳು ಒರೆಸಿದ ಒದ್ದೆ ಮೆಟ್ಟಿಲ ಮೇಲೆ ಹಿಂದೆ ತೆರೆದ ಚಪ್ಪಲಿ ಜಾರುತ್ತದೆ. ಸದ್ದು ಮಾಡುವ ಹಿಮ್ಮಡಿಯೂ ಬೇಡ. ಒಂದು ಸಲ ಒಳಗಿನದು ಎಂದಾದ ಚಪ್ಪಲಿ ಅಂಗಳಕ್ಕೆ ಇಳಿಯಬಾರದು. ಶೌಚಾಲಯದಲ್ಲಿ ಬೇರೆ ಚಪ್ಪಲಿ ಇಟ್ಟಿದ್ದರೆ ಅದು ಅಲ್ಲಿಂದ ಹೊರಗೆ ಬರಬಾರದು.

ಅಲ್ಲಿ ಚಪ್ಪಲಿ ಅಳತೆ ಮಿಲಿಮೀಟರಿನಲ್ಲಿ, ಐದೈದರ ಲೆಕ್ಕ: 230, 235, 240, ಹೀಗೆ. ಸಂಜೆ ಪಾದ ಸ್ವಲ್ಪ ಊದಿರುವಾಗ ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಲ್ಲು. ಉದ್ದನೆಯ ಬೆರಳಿನ ತುದಿಗೆ ಗೆರೆ ಎಳೆದು ಅಳೆ. ಎರಡೂ ಕಾಲು ಅಳೆದು ದೊಡ್ಡದನ್ನು ಹಿಡಿ, ದಪ್ಪ ಕಾಲ್ಚೀಲಕ್ಕೆಂದು ಐದು ಸೇರಿಸು. 250 ದಾಟಿದರೆ ಹೆಂಗಸರ ಅಂಗಡಿಯಲ್ಲಿ ಆಯ್ಕೆ ಬಹಳ ಕಡಿಮೆ. ಆಗ ಶೂ ಇಲ್ಲಿಂದಲೇ ಒಯ್ಯುವುದು ವಾಸಿ.

ಕಾಲ್ಚೀಲವನ್ನು ನಾವು ಬಟ್ಟೆ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ಅದು ದಿನವಿಡೀ ಕಾಣುತ್ತದೆ. ಬರಿಗಾಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಪಾಠ ಮಾಡಬೇಡ. ಹೆಬ್ಬೆರಳ ಹತ್ತಿರ ನೂಲು ಬಿಟ್ಟ ಜೋಡಿಗಳನ್ನು ಈಗಲೇ ಎತ್ತಿ ಎಸೆ. ಎಂಟು ಜೋಡಿ ಒಯ್ದರೆ ಸಾಕು; ಸಬ್‌ವೇ ನಿಲ್ದಾಣಗಳ ಹತ್ತಿರ ಅಗ್ಗಕ್ಕೆ ಸಿಗುತ್ತವೆ. ಒಂದು ಜೋಡಿ ಸಾದಾ ಕಪ್ಪು ಇರಲೇಬೇಕು, ಕಾರಣ ಮುಂದೆ ಬರೆದಿದ್ದೇನೆ. ಕಾಲುಂಗುರ ಹಾಕುವ ನಿನ್ನ ಗೆಳತಿಯರು ಕೇಳಿದರೆ ಹೇಳು: ಉಂಗುರದ ಅಂಚು ಕಾಲ್ಚೀಲವನ್ನು ಒಳಗಿನಿಂದಲೇ ಸವೆಸುತ್ತದೆ, ಬೆರಳಿಗೆ ತೆಳುವಾದ ಟೇಪು ಸುತ್ತಿಕೊಳ್ಳಲಿ. ಗೆಜ್ಜೆ ಮನೆಯಲ್ಲೇ ಇರಲಿ.

ಈಗ ಕತ್ತು. ಅಲ್ಲಿ ದಿನಕ್ಕೆ ಎಷ್ಟು ಸಲ ಬಾಗುತ್ತೀಯ ಅನ್ನುವುದಕ್ಕೆ ಲೆಕ್ಕವಿಲ್ಲ. ಪ್ರಿನ್ಸಿಪಾಲರಿಗೆ ಸೊಂಟದಿಂದ, ಸಹೋದ್ಯೋಗಿಗಳಿಗೆ ಸ್ವಲ್ಪ, ಅದರ ಮೇಲೆ ಒಂದನೇ ಎರಡನೇ ತರಗತಿಯ ಪುಟ್ಟ ಮೇಜುಗಳ ಮೇಲೆ ಬಾಗಿ ನೋಟ್‌ಬುಕ್ ತಿದ್ದುವುದು. ನೆಟ್ಟಗೆ ನಿಂತಾಗ ಸರಿಯಾಗಿ ಕಾಣುವ ಕುರ್ತಾ ಬಾಗಿದಾಗ ಜೋತುಬೀಳುತ್ತದೆ. ಅದಕ್ಕೆ ಪರೀಕ್ಷೆ ಹೀಗೆ ಮಾಡು. ಕತ್ತಿನ ಗುಳಿಯಿಂದ ಕೆಳಗೆ ಎರಡು ಬೆರಳು ಇಡು. ಬಟ್ಟೆಯ ಅಂಚು ಅಲ್ಲಿಗಿಂತ ಕೆಳಗಿದ್ದರೆ ಒಳಗೊಂದು ಬನಿಯನ್ ಬೇಕು. ಆಮೇಲೆ ಕನ್ನಡಿಯ ಮುಂದೆ ಸೊಂಟದಿಂದ ಬಾಗಿ, ತಲೆ ಮಾತ್ರ ಎತ್ತಿ ನೋಡು. ಕೊನೆಗೆ ಕನ್ನಡಿಗೆ ಬೆನ್ನು ಮಾಡಿ, ಬೋರ್ಡಿನ ಮೇಲಿನ ಸಾಲು ಬರೆಯುವವಳ ಹಾಗೆ ಕೈ ಎತ್ತಿ ನಿಂತು ಫೋಟೋ ತೆಗೆಸಿಕೋ. ಸೊಂಟ ಕಂಡರೆ ಆ ಟಾಪ್ ಶಾಲೆಗಲ್ಲ. ಮೊಣಕಾಲಿನವರೆಗಿನ ಹತ್ತಿಯ ಕುರ್ತಾ, ಮೊಣಕೈ ದಾಟಿದ ತೋಳು, ಕೆಳಗೆ ನೇರವಾದ ಪ್ಯಾಂಟು: ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಶಾಲಾ ಉಡುಪು ಇಲ್ಲ, ಅಲ್ಲಿಯವರಿಗೂ ಹಿಡಿಸುತ್ತದೆ. ದುಪಟ್ಟಾ ಮಾತ್ರ ಬಿಡು. ಕುರ್ಚಿಗೆ ಸಿಕ್ಕಿಕೊಳ್ಳುತ್ತದೆ, ಆಟವಾಡಿಸುವಾಗ ಮಕ್ಕಳು ಎಳೆಯುತ್ತಾರೆ. ಲೆಗ್ಗಿಂಗ್ಸ್ ಮೇಲೆ ಗಿಡ್ಡ ಟಾಪ್ ಬೇಡ. ಜೀನ್ಸ್ ಅಲ್ಲಿಯ ಟೀಚರುಗಳೂ ಈಗ ಹಾಕುತ್ತಾರೆ. ಮೊದಲ ಎರಡು ವಾರ ಹಾಕಬೇಡ, ನಿನ್ನ ಶಾಲೆಯ ಹೆಂಗಸರು ಏನು ಹಾಕುತ್ತಾರೆ ನೋಡಿಕೊಂಡು ಆಮೇಲೆ ತೀರ್ಮಾನಿಸು.

ಮೂಗುತಿ ತೆಗಿ ಎಂದು ನಾನು ಹೇಳುವುದಿಲ್ಲ. ಆದರೆ ಮುಖಕ್ಕೆ ಚುಚ್ಚಿಸಿಕೊಳ್ಳುವುದನ್ನು ಅಲ್ಲಿ ಹಿರಿಯರು ಹುಡುಗಾಟದ ಫ್ಯಾಷನ್ ಎಂದು ತಿಳಿಯಬಹುದು. ಅದು ನಮ್ಮ ಅಜ್ಜಿಯಿಂದ ಬಂದದ್ದು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ರಿಂಗು ಬೇಡ, ಅಗಲವಾದ ಬೇಸರಿಯೂ ಬೇಡ, ಎರಡು ಮಿಲಿಮೀಟರಿನ ಒಂಟಿ ಕಲ್ಲು ಇರಲಿ. ಮೊದಲ ದಿನವೇ ಜೊತೆಯ ಟೀಚರಿಗೆ ಒಂದು ಮಾತು ತಿಳಿಸಿಬಿಡು. ಬಿಂದಿಯೂ ಹಾಗೆಯೇ. ಮಕ್ಕಳು ಕೇಳುತ್ತಾರೆ, ಐದು ನಿಮಿಷದ ಒಳ್ಳೆಯ ಪಾಠವೇ ಆಗುತ್ತದೆ. ಮದರಂಗಿ ವಿಷಯದಲ್ಲಿ ಮಾತ್ರ ಖಡಾಖಂಡಿತ, ಹಚ್ಚಿಕೊಳ್ಳಬೇಡ: ಚಿಕ್ಕಪ್ಪನ ಮಗಳ ಮದುವೆ ಹೊರಡುವ ವಾರದಲ್ಲೇ ಇದೆ, ಬಣ್ಣ ಎರಡು ವಾರ ಉಳಿಯುತ್ತದೆ, ದೂರದಿಂದ ಹಚ್ಚೆಯ ಹಾಗೇ ಕಾಣುತ್ತದೆ. ಹಚ್ಚೆ ಹಾಕುವುದು ವೈದ್ಯರ ಕೆಲಸ, ಬೇರೆಯವರು ಹಾಕಿದರೆ ಅಪರಾಧ ಎಂದು ಅಲ್ಲಿಯ ಸುಪ್ರೀಂ ಕೋರ್ಟ್ 1992ರಲ್ಲಿ ತೀರ್ಪು ಕೊಟ್ಟಿತ್ತು. ವೈದ್ಯರಲ್ಲದವರಿಗೂ ಅವಕಾಶ ಕೊಡುವ ಕಾಯ್ದೆಗೆ ಅವರ ಸಂಸತ್ತು ಒಪ್ಪಿಗೆ ಕೊಟ್ಟದ್ದು 2025ರ ಸೆಪ್ಟೆಂಬರಿನಲ್ಲಿ. ಇಷ್ಟು ವರ್ಷದ ಅಳುಕು ಹಿರಿಯ ಟೀಚರುಗಳ ಮನಸ್ಸಿನಿಂದ ಒಂದೇ ಸಲ ಹೋಗುವುದಿಲ್ಲ. ನಿನ್ನ ಮಣಿಕಟ್ಟಿನ ಪುಟ್ಟ ಹಚ್ಚೆಯನ್ನು ಅಗಲ ಪಟ್ಟಿಯ ವಾಚಿನಿಂದ ಮುಚ್ಚು. ಬ್ಯಾಂಡೇಜ್ ಅಂಟಿಸಿದರೆ ದಿನವೂ 'ಟೀಚರ್, ಗಾಯ ಆಯಿತಾ?' ಎಂದು ಕೇಳಿಸಿಕೊಳ್ಳಬೇಕು, ಚರ್ಮವೂ ಕೆರೆಯುತ್ತದೆ. ಗಾಜಿನ ಬಳೆಗಳನ್ನು ಬಿಡು. ಮಕ್ಕಳಿಗೆ ಉಚ್ಚಾರಣೆ ಕೇಳಿಸುವಾಗ ಮೈಕಿನ ಹತ್ತಿರ ಅದರ ಸದ್ದೇ ಜಾಸ್ತಿ.

ವಾಸನೆಯ ಬಗ್ಗೆ ಬರೆಯಲು ಸಂಕೋಚವಾಗುತ್ತದೆ, ಆದರೂ ಅಮ್ಮನಲ್ಲದೆ ಇನ್ಯಾರು ಹೇಳಬೇಕು? ಕೊರಿಯನ್ನರಲ್ಲಿ ಬಹುಪಾಲು ಜನಕ್ಕೆ ಬೆವರಿನ ವಾಸನೆಯೇ ಅಷ್ಟಾಗಿ ಬರುವುದಿಲ್ಲ. ಎಬಿಸಿಸಿ11 ಎಂಬ ಜೀನ್ ಅವರಲ್ಲಿ ಬೇರೆ ರೀತಿ ಇರುವುದೇ ಅದಕ್ಕೆ ಕಾರಣ. ಕಿವಿಯ ಗುಗ್ಗೆ ಒಣಗಿರುವುದಕ್ಕೂ ಅದೇ ಕಾರಣ. ಹಾಗಾಗಿ ಡಿಯೋಡರೆಂಟ್ ಸಿಗುತ್ತದಾದರೂ ಬಗೆ ಕಡಿಮೆ, ಬೆಲೆ ಹೆಚ್ಚು. ನಾಲ್ಕು ರೋಲ್-ಆನ್ ಒಯ್ಯಿ. ಘಾಟು ಸೆಂಟಿನಿಂದ ಬೆವರು ಮುಚ್ಚಲು ಹೋಗಬೇಡ, ಕಿಟಕಿ ಮುಚ್ಚಿದ ತರಗತಿಯಲ್ಲಿ ಎರಡೂ ಸೇರಿ ತಲೆನೋವು ಬರಿಸುತ್ತವೆ.

ಅದಕ್ಕಿಂತ ದೊಡ್ಡ ತೊಂದರೆ ಒಗ್ಗರಣೆ. ನಿನಗೆ ಸಿಗುವುದು ಒಂದೇ ಕೋಣೆಯ ಮನೆಯಾಗಿರಬಹುದು, ಅಲ್ಲಿ ಒಲೆಯಿಂದ ಬಟ್ಟೆ ಕಪಾಟಿಗೆ ನಾಲ್ಕು ಹೆಜ್ಜೆ. ಸಾಸಿವೆ, ಇಂಗು, ಕರಿಬೇವು ಚಟಪಟ ಎಂದ ಹೊಗೆ ಉಣ್ಣೆಯ ಕೋಟಿನೊಳಗೆ ಹೊಕ್ಕರೆ ವಾರ ಕಳೆದರೂ ಬಿಡುವುದಿಲ್ಲ. ನಮ್ಮ ಮೂಗಿಗೆ ಅದು ಗೊತ್ತೂ ಆಗುವುದಿಲ್ಲ. ಒಗ್ಗರಣೆಗೆ ಮುಂಚೆ ಕೋಟನ್ನು ಜಿಪ್ ಇರುವ ಬಟ್ಟೆಚೀಲದಲ್ಲಿ ಹಾಕಿ ಬಚ್ಚಲುಮನೆಯಲ್ಲಿ ನೇತುಹಾಕಿ ಬಾಗಿಲು ಮುಚ್ಚು. ಎಕ್ಸಾಸ್ಟ್ ಫ್ಯಾನನ್ನು ಎಣ್ಣೆ ಕಾಯುವ ಮುಂಚೆಯೇ ಹಾಕು. ಕೊಬ್ಬರಿ ಎಣ್ಣೆ ಶುಕ್ರವಾರ ರಾತ್ರಿ ಹಚ್ಚಿ ಭಾನುವಾರ ತಲೆ ತೊಳೆದುಕೋ, ಶಾಲೆಯ ದಿನ ಬೇಡ.

ಚಳಿಯ ವಿಷಯಕ್ಕೆ ಬಂದರೆ, ಮಾರ್ಚ್ ಎಂದರೆ ನಮ್ಮ ಬೇಸಿಗೆ ಎಂದುಕೊಂಡು ಹೋಗಬೇಡ. ರಾಜಧಾನಿ ಸಿಯೋಲ್‌ನಲ್ಲಿ ಆಗಲೂ ಬೆಳಗಿನ ಜಾವ ಸೊನ್ನೆಯ ಆಸುಪಾಸು, ಜನವರಿಯಲ್ಲಂತೂ ಸೊನ್ನೆಗಿಂತ ಕೆಳಗೆ. ತರಗತಿಯೊಳಗೆ ಹೀಟರ್ ಇರುತ್ತದೆ, ಕಾರಿಡಾರಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಗಂಟೆಗೊಮ್ಮೆ ಬೆವರು, ಗಂಟೆಗೊಮ್ಮೆ ನಡುಕ. ಒಂದೇ ದಪ್ಪ ಸ್ವೆಟರ್ ಅಲ್ಲಿ ಉಪಯೋಗವಿಲ್ಲ. ಮೈಗಂಟಿದ ತೆಳುವಾದ ಬೆಚ್ಚನೆಯ ಒಳ ಉಡುಪು (ಅಲ್ಲಿ ನೆಬೊಕ್ ಅಂತಾರೆ), ಅದರ ಮೇಲೆ ಕುರ್ತಾ, ಮುಂದೆ ಗುಂಡಿ ಬಿಚ್ಚಬಹುದಾದ ಕಾರ್ಡಿಗನ್, ಹೊರಗೆ ಮೊಣಕಾಲಿನ ಕೆಳಗಿಳಿಯುವ ಪ್ಯಾಡಿಂಗ್ ಕೋಟು. ಕೋಟು ಇಲ್ಲಿ ಕೊಳ್ಳಬೇಡ, ಇಲ್ಲಿಯದು ಅಲ್ಲಿಯ ಚಳಿಗೆ ಸಾಲದು. ಸ್ಕರ್ಟ್ ಹಾಕುವ ದಿನ 'ಗಿಮೊ' ಎಂದು ಬರೆದ ಸ್ಟಾಕಿಂಗ್ಸ್ ಕೇಳು, ಒಳಗೆ ರೋಮದ ಹಾಗೆ ಮೆತ್ತಗಿರುತ್ತದೆ. ಒಣ ಹವೆಯಲ್ಲಿ ಪಾಲಿಯೆಸ್ಟರ್ ಕುರ್ತಾ ಕಾಲಿಗೆ ಅಂಟಿಕೊಂಡು ಚಟ್ ಎಂದು ಶಾಕ್ ಹೊಡೆಯುತ್ತದೆ. ಹತ್ತಿಯ ಲಂಗ ಒಳಗೆ ಹಾಕಿದರೆ ಅದು ಕಡಿಮೆ. ಜೂನ್ ಕೊನೆಯಿಂದ ಜುಲೈವರೆಗೆ ಜಾಂಗ್ಮಾ ಮಳೆ. ಒಳಗೆ ಒಣಗಿಸಿದ ಬಟ್ಟೆ ಮುಗ್ಗಲು ವಾಸನೆ ಹೊಡೆಯುತ್ತದೆ, ಫ್ಯಾನಿನ ಎದುರೇ ಹರವು.

ಬಟ್ಟೆಯ ಅಳತೆ ಹೆಂಗಸರಿಗೆ 44, 55, 66, 77 ಎಂದಿರುತ್ತದೆ. 55 ಅಂದರೆ ನಮ್ಮ ಸ್ಮಾಲ್, 66 ಮೀಡಿಯಂ ಹತ್ತಿರ. 'ಫ್ರೀ ಸೈಜ್' ಎಂದು ಬರೆದದ್ದು ಎಲ್ಲರಿಗೂ ಆಗುವಂಥದ್ದಲ್ಲ, 66ಕ್ಕೇ ಮುಗಿಯುತ್ತದೆ. ನಮ್ಮವರಿಗೆ ಎದೆಯಲ್ಲೂ ರಟ್ಟೆಯಲ್ಲೂ ಬಿಗಿ. ಕುರ್ತಾ, ಶರ್ಟು, ಒಳ ಉಡುಪು ಇಲ್ಲಿಂದಲೇ ಒಯ್ಯಿ.

ಇನ್ನು ವಿಶೇಷ ದಿನಗಳು. ಮೊದಲ ದಿನ ಬ್ಲೇಜರ್, ಗಾಢ ಬಣ್ಣದ ಪ್ಯಾಂಟು. ಪೋಷಕರು ಬಂದು ತರಗತಿಯ ಹಿಂದೆ ನಿಂತು ನೋಡುವ ದಿನವೂ ಅದೇ. ಆ ದಿನ ಸೊಂಟಕ್ಕೆ ಸಿಕ್ಕಿಸುವ ಮೈಕಿನ ಪೆಟ್ಟಿಗೆ ಕೊಡಬಹುದು. ಬೆಲ್ಟಾಗಲಿ ಜೇಬಾಗಲಿ ಇಲ್ಲದ ಉದ್ದನೆಯ ಕುರ್ತಾ ಹಾಕಿದರೆ ಅದನ್ನು ಸಿಕ್ಕಿಸಲು ಜಾಗವೇ ಇರುವುದಿಲ್ಲ. ಕ್ರೀಡಾ ದಿನ ಟ್ರ್ಯಾಕ್ ಪ್ಯಾಂಟು, ಟೋಪಿ. ಹ್ವೇಸಿಕ್ ಅಂದರೆ ಶಾಲೆಯವರೆಲ್ಲ ಒಟ್ಟಿಗೆ ಊಟಕ್ಕೆ ಹೋಗುವುದು, ನೆಲದ ಮೇಲೆ ಕೂರುವ ಹೋಟೆಲ್ ಆಗಿರಬಹುದು: ಬಿಗಿ ಸ್ಕರ್ಟ್ ಬೇಡ. ಮಾಂಸ ಸುಡುವ ಕಡೆ ಕೋಟು ಹಾಕಲು ದೊಡ್ಡ ಚೀಲ ಕೊಡುತ್ತಾರೆ, ಕೇಳಿ ಇಸಕೋ. ಸಂಸ್ಕೃತಿ ಪಾಠಕ್ಕೆ ಸೀರೆ ಉಡುವುದಾದರೆ ಮೊಣಕೈವರೆಗಿನ ತೋಳಿನ, ಬೆನ್ನು ಮುಚ್ಚಿದ ಬ್ಲೌಸ್ ಹೊಲಿಸಿಕೊಂಡು ಹೋಗು. ಸೊಂಟದ ಹತ್ತಿರ ಸೆರಗಿಗೆ ಎರಡು ಪಿನ್ನು ಹೆಚ್ಚಿಗೆ ಹಾಕು.

ಕಪ್ಪು ಕಾಲ್ಚೀಲದ ಮಾತು ಈಗ. ಸಹೋದ್ಯೋಗಿಯ ತಂದೆಯೋ ತಾಯಿಯೋ ತೀರಿಕೊಂಡರೆ ಶಾಲೆ ಮುಗಿದ ತಕ್ಷಣ ಎಲ್ಲರೂ ಸೇರಿ ಹೋಗುತ್ತಾರೆ, ಮನೆಗೆ ಹೋಗಿ ಬಟ್ಟೆ ಬದಲಿಸಲು ಪುರುಸೊತ್ತು ಇರುವುದಿಲ್ಲ. ನಮ್ಮ ಹಾಗೆ ಬಿಳಿ ಅಲ್ಲ, ಕಪ್ಪು. ಶೂ ಬಿಚ್ಚಿ ಒಳಗೆ ಹೋಗಿ ಬಾಗಬೇಕು, ಅಂದರೆ ಅಲ್ಲೂ ಕಾಲ್ಚೀಲ ಕಾಣುತ್ತದೆ. ಸ್ಟಾಫ್ ರೂಮಿನ ನಿನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಕಪ್ಪು ಕಾರ್ಡಿಗನ್, ಕಪ್ಪು ಪ್ಯಾಂಟು, ಕಪ್ಪು ಕಾಲ್ಚೀಲ ಮಡಿಸಿಡು. ಲಿಪ್‌ಸ್ಟಿಕ್ ಒರೆಸಿಕೊಂಡು ಹೋಗು. ಮದುವೆಗೆ ಕರೆದರೆ ಬಿಳಿ, ಕೆನೆ ಬಣ್ಣ ಬಿಟ್ಟು ಬೇರೆ ಯಾವುದಾದರೂ ಸರಿ, ಬಿಳಿ ಮದುಮಗಳ ಬಣ್ಣ.

ಇವತ್ತು ಸಂಜೆ ಪಾದದ ಅಳತೆ ತೆಗೆದು ಮೆಸೇಜ್ ಮಾಡು. ನಾಳೆ ಪೇಟೆಗೆ ಹೋದಾಗ ಕಾಲ್ಚೀಲ, ಆ ಬಟ್ಟೆಚೀಲ ಎರಡೂ ತಂದಿಡುತ್ತೇನೆ.

ನಿನ್ನ ಅಮ್ಮ