ಈ ಭಾನುವಾರದ ಆಲ್ಬಂ: ದೇ ಮೈಟ್ ಬಿ ಜೈಂಟ್ಸ್ (1986)

ಎಲ್ಲರಿಗೂ ನಮಸ್ಕಾರ.

ಭಾನುವಾರ ಸಂಜೆ 5ಕ್ಕೆ ನಮ್ಮ ಮನೆ ಮಹಡಿ ಮೇಲೆ ಸೇರೋಣ. ಈ ಸಲ ಕೇಳೋದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ದೇ ಮೈಟ್ ಬಿ ಜೈಂಟ್ಸ್ ಬ್ಯಾಂಡಿನ ಮೊದಲ ಆಲ್ಬಂ. ಅದರ ಹೆಸರೂ ಬ್ಯಾಂಡಿನದ್ದೇ.

ಬ್ಯಾಂಡ್ ಅಂದರೆ ಆಗ ಇಬ್ಬರೇ. ಗಿಟಾರ್ ಹಿಡಿದ ಜಾನ್ ಫ್ಲಾನ್ಸ್‌ಬರ್ಗ್, ಅಕಾರ್ಡಿಯನ್ (ಎದೆಗೆ ತಗುಲಿಸಿಕೊಳ್ಳುವ, ಹಾರ್ಮೋನಿಯಂ ಥರದ ವಾದ್ಯ) ನುಡಿಸುವ ಜಾನ್ ಲಿನೆಲ್. ಡ್ರಮ್ಸ್‌ಗೆ ಮೆಷಿನ್ನೇ ಗತಿ. ಒಬ್ಬರ ಮನೆ ಕಳ್ಳತನ ಆಯ್ತು, ಇನ್ನೊಬ್ಬರ ಮಣಿಕಟ್ಟು ಮುರೀತು, ಕಾರ್ಯಕ್ರಮ ಕೊಡೋಕೆ ಆಗಲಿಲ್ಲ. ಆಗ ಇವರು ಫೋನಿನ ಆನ್ಸರಿಂಗ್ ಮೆಷಿನ್ನಿಗೆ (ಯಾರೂ ಫೋನ್ ಎತ್ತದಿದ್ದಾಗ ರೆಕಾರ್ಡ್ ಮಾಡಿಟ್ಟ ಮಾತು ಕೇಳಿಸುವ ಯಂತ್ರ) ಹಾಡು ತುಂಬಿಸಿ, ನಂಬರನ್ನು ಪೇಪರಿನಲ್ಲಿ ಹಾಕಿಸಿದರು. ಫೋನ್ ಮಾಡಿದವರಿಗೆ ಆ ಕಡೆಯಿಂದ ಹಾಡು! ಇದಕ್ಕೆ ಡಯಲ್-ಎ-ಸಾಂಗ್ ಅಂತ ಹೆಸರು. ನನಗೆ ಈ ಛಲ ತುಂಬಾ ಇಷ್ಟ.

19 ಹಾಡುಗಳಿದ್ದರೂ ಎಲ್ಲಾ ಸೇರಿ 40 ನಿಮಿಷದೊಳಗೆ ಮುಗಿಯುತ್ತೆ. ಬರೋ ಮುಂಚೆ 'ಡೋಂಟ್ ಲೆಟ್ಸ್ ಸ್ಟಾರ್ಟ್' ಒಂದನ್ನಾದರೂ ಇಯರ್‌ಫೋನ್ ಹಾಕಿ ಎರಡು ಸಲ ಕೇಳಿ. ಮೊದಲ ಸಲಕ್ಕೆ ಸುಮ್ನೆ ತಮಾಷೆ ಹಾಡು ಅನ್ನಿಸುತ್ತೆ. ಎರಡನೇ ಸಲ ಅದರ ಒಳಗಿನ ಬೇಸರ ಕಿವಿಗೆ ಬೀಳುತ್ತೆ, ಅದೇ ಈ ಆಲ್ಬಂನ ಜೀವ.

5.15ಕ್ಕೆ ಸರಿಯಾಗಿ ಶುರು. ಮಧ್ಯೆ ನಿಲ್ಲಿಸೋದಿಲ್ಲ, ದಯವಿಟ್ಟು ಫೋನ್ ಸೈಲೆಂಟ್‌ನಲ್ಲಿಡಿ. ಮಾತುಕತೆ, ಕಾಫಿ ಆಮೇಲೆ. ದೊಡ್ಡ ಸ್ಪೀಕರ್ ಇರುವವರು ಯಾರಾದರೂ ತರ್ತೀರಾ? ನಮ್ಮ ಮನೆಯದು ಚಿಕ್ಕದು, ಅಕಾರ್ಡಿಯನ್ ಸದ್ದು ಅದರಲ್ಲಿ ಸರಿಯಾಗಿ ಕೇಳಿಸಲ್ಲ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ಕುರ್ಚಿ ಹೊಂದಿಸಬೇಕು.